ಪ್ರೋಬ್ ತುದಿ ಎಲ್ಲಿದೆ ಅನ್ನೋದೇ ಮುಖ್ಯ

ಆ್ಯಪ್‌ನಲ್ಲಿ ಓವನ್ನಿನಲ್ಲಿದ್ದ ಕೋಳಿಯ ಒಳಬಿಸಿ 76 ಡಿಗ್ರಿ ಅಂತ ಬಂತು. ಕೋಳಿ ಹೊರಗೆ ತೆಗೆದು ತೊಡೆ ಸಂದು ಕತ್ತರಿಸಿದರೆ ಒಳಗೆ ಇನ್ನೂ ಹಸಿ ಹಸಿ. ವೈರ್‌ಲೆಸ್ ಪ್ರೋಬ್, ಅಂದರೆ ಮಾಂಸಕ್ಕೆ ಚುಚ್ಚಿದರೆ ಒಳಗಿನ ಬಿಸಿಯನ್ನು ಫೋನಿಗೆ ಕಳಿಸುವ ಥರ್ಮಾಮೀಟರ್ ಕಡ್ಡಿ, ಕೊಂಡ ಮೊದಲ ಭಾನುವಾರದ ಕಥೆ ಇದು. ಪ್ರೋಬ್ ಕೆಟ್ಟಿದೆ ಅಂದುಕೊಂಡೆ, ಕೆಟ್ಟಿರಲಿಲ್ಲ. ತುದಿ ಎದೆ ಮಾಂಸ ದಾಟಿ ಹೊಟ್ಟೆಯ ಪೊಳ್ಳಿಗೆ ಹೋಗಿ ಅಲ್ಲಿನ ಬಿಸಿ ಗಾಳಿಯನ್ನು ಅಳೆಯುತ್ತಿತ್ತು.

ಆದರೂ ಅನುಮಾನ ಉಳಿಯಬಾರದಲ್ವಾ, ಪರೀಕ್ಷೆ ಮಾಡಿದೆ. ಲೋಟದ ತುಂಬ ಪುಡಿ ಐಸ್, ಸಂದು ತುಂಬುವಷ್ಟೇ ನೀರು, ಚೆನ್ನಾಗಿ ಕಲಸಿ ಎರಡು ನಿಮಿಷ ಬಿಟ್ಟು, ಲೋಟಕ್ಕೆ ತಾಗದ ಹಾಗೆ ಪ್ರೋಬ್ ಹಿಡಿದೆ. ಸೊನ್ನೆಯ ಹತ್ತಿರ ನಿಂತಿತು. ಕುದಿಯುವ ನೀರಲ್ಲಿ 97. ನೂರು ಬರಲಿಲ್ಲ ಅಂತ ಗಾಬರಿ ಬೇಡ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ. ಮಂಗಳೂರಿನಲ್ಲಾದರೆ ನೂರರ ಹತ್ತಿರ ಬರಬೇಕು.

ಈಗ ನಾನು ಮಾಡುವುದು ಹೀಗೆ. ಅಂಗಡಿಯಲ್ಲಿ ಸ್ಕಿನ್ ಸಮೇತ ಒಂದೂವರೆ ಕಿಲೋ ಇಡೀ ಕೋಳಿ ಕೇಳಿ ತರುತ್ತೇನೆ. ಪ್ರೋಬ್ ಚುಚ್ಚುವ ಮೊದಲು ಬೆರಳಲ್ಲಿ ಒತ್ತಿ ಎದೆಯಲ್ಲಿ ಎಲ್ಲಿ ದಪ್ಪ ಇದೆ ಅಂತ ನೋಡುತ್ತೇನೆ. ಮೇಲಿನಿಂದ ನೇರ ಚುಚ್ಚಿದರೆ ಮೂಳೆಗೆ ಬಡಿಯುತ್ತದೆ, ಅದಕ್ಕೆ ಕತ್ತಿನ ಕಡೆಯಿಂದ ಉದ್ದುದ್ದಕ್ಕೆ, ಮೂಳೆಗೆ ಸಮಾನಾಂತರವಾಗಿ ತಳ್ಳುತ್ತೇನೆ. ಪ್ರೋಬ್ ಮೇಲೆ ಒಂದು ಗೆರೆ ಇರುತ್ತದೆ ನೋಡಿ, ಅದು ಮಾಂಸದೊಳಗೆ ಮುಳುಗಲೇಬೇಕು. ಬ್ಯಾಟರಿ, ಚಿಪ್ ಎಲ್ಲ ಆ ಭಾಗದಲ್ಲೇ ಇರುವುದು, ಸುತ್ತಲಿನ ಮಾಂಸ ತಂಪಾಗಿರುವುದರಿಂದಲೇ ಅದು ಓವನ್ ಬಿಸಿಯಲ್ಲಿ ಉಳಿಯುವುದು. ಹೊರಗೆ ಉಳಿಯುವ ದಪ್ಪ ತುದಿ ಓವನ್ನಿನ ಬಿಸಿ ಅಳೆಯುತ್ತದೆ. ಒಟಿಜಿ (ಮನೆಯ ಕರೆಂಟ್ ಓವನ್) ಚಿಕ್ಕದಾದರೆ ಆ ತುದಿ ಬಿಸಿಯ ರಾಡ್‌ಗೆ ತಾಗದಂತೆ ನೋಡಿಕೊಳ್ಳಿ. ನಾನು ಆ ತುದಿಯನ್ನು ಗಾಜಿನ ಬಾಗಿಲ ಕಡೆ ತಿರುಗಿಸುತ್ತೇನೆ. ಬ್ಲೂಟೂತ್ ಕಬ್ಬಿಣದ ಪೆಟ್ಟಿಗೆಯಿಂದ ಸುಲಭವಾಗಿ ಹೊರಬರಲ್ಲ. ಹಾಲ್‌ನಲ್ಲಿ ಕೂತರೆ ಸಿಗ್ನಲ್ ಕಡಿದುಹೋಗುತ್ತಿತ್ತು, ಈಗ ಫೋನ್ ಅಡುಗೆ ಕಟ್ಟೆ ಮೇಲೇ ಇರುತ್ತದೆ.

ಇನ್ನೊಂದು, ಕೋಳಿ ಫ್ರಿಜ್‌ನಿಂದ ತೆಗೆದ ಹೊಸದರಲ್ಲಿ 6, 7 ಡಿಗ್ರಿ ಇರಬೇಕು. ಚುಚ್ಚಿ ಸ್ವಲ್ಪ ಹೊತ್ತಾದರೂ 20 ತೋರಿಸುತ್ತಿದ್ದರೆ ತುದಿ ಎಲ್ಲೋ ಹೊರಗೆ ಇಣುಕಿದೆ ಅಂತಲೇ ಅರ್ಥ. ಈ ಒಂದು ನೋಟದಿಂದ ಎಷ್ಟೋ ಸಲ ಸರಿಪಡಿಸಿಕೊಂಡಿದ್ದೇನೆ.

190 ಡಿಗ್ರಿಯಲ್ಲಿ ಬೇಯಿಸಿ, ಎದೆ 71 ಮುಟ್ಟಿದಾಗ ಹೊರಗೆ ತೆಗೆಯುತ್ತೇನೆ, ಪ್ರೋಬ್ ಮಾತ್ರ ಕೀಳುವುದಿಲ್ಲ. ಹೊರಗಿನ ಬಿಸಿ ಇನ್ನೂ ಒಳಗೆ ಇಳಿಯುತ್ತಿರುತ್ತದೆ, ಸುಮ್ನೆ ಬಿಟ್ಟರೆ ಹತ್ತು ನಿಮಿಷದಲ್ಲಿ 74 ದಾಟುತ್ತದೆ. ಕೋಳಿಗೆ ಸುರಕ್ಷಿತ ಅನ್ನುವ ಲೆಕ್ಕ ಅದೇ. ಅಷ್ಟು ಮುಟ್ಟದಿದ್ದರೆ ಮತ್ತೆ ಓವನ್‌ಗೆ. ತೊಡೆಗೆ ಬೇರೆ ಚುಚ್ಚುವ ಥರ್ಮಾಮೀಟರ್ ಹಾಕಿ ನೋಡುತ್ತೇನೆ. ಅಲ್ಲಿ 80ರ ಮೇಲೆ ಹೋದರೇ ರುಚಿ ಜಾಸ್ತಿ, ಮಾಂಸ ಮೂಳೆಯಿಂದ ತಾನೇ ಬಿಡುತ್ತದೆ.