ಗ್ರೀನ್‌ಹೌಸ್ ಟೊಮೆಟೊ ಇನ್ನೂ ಹಸಿರಾಗೇ ಇದ್ಯಾ?

ಕಾಯಿ ದಪ್ಪಗಾಗಿ ವಾರಗಳಾದರೂ ಬಣ್ಣ ತಿರುಗದಿದ್ದರೆ ಮೊದಲು ಥರ್ಮಾಮೀಟರ್ ನೋಡಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನಾಗಿ ಹಣ್ಣಾಗುತ್ತದೆ. 30 ದಾಟಿದರೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಸರಿಯಾಗಿ ತಯಾರಾಗುವುದಿಲ್ಲ, ಹಣ್ಣು ಕಿತ್ತಳೆ ಬಣ್ಣದಲ್ಲೇ ನಿಂತುಬಿಡುತ್ತದೆ. ಅದಕ್ಕೇ ನಾನು ಬಿಸಿಲೇರುವ ಮೊದಲೇ ಬಾಗಿಲು, ಕಿಟಕಿ ಎಲ್ಲಾ ತೆಗೆದಿಡುತ್ತೇನೆ.

ಕಾಯಿಗೆ ಬಿಸಿಲು ಬೀಳಲಿ ಅಂತ ಎಲೆಯೆಲ್ಲಾ ಕಿತ್ತು ಬೋಳು ಮಾಡುವವರಿದ್ದಾರೆ. ಸುಮ್ನೆ ಕೆಲಸ! ಬಿಸಿಲಿಗಿಂತ ಹದವಾದ ಶಾಖ ಮುಖ್ಯ. ಬುಡದ ಹಳದಿ ಎಲೆ ತೆಗೆದರೆ ಸಾಕು. ಸೀಸನ್ ಮುಗಿಯುತ್ತಾ ಬಂದಿದ್ದರೆ ಗಿಡದ ತುದಿ ಚಿವುಟಿ.

ತೊಟ್ಟಿನ ಎದುರು ಬದಿಯಲ್ಲಿ ನಸುಗೆಂಪು ಕಂಡಿತಾ? ಇನ್ನು ಕಿತ್ತು ಮನೆಯೊಳಗಿಟ್ಟರೂ ಹಣ್ಣಾಗುತ್ತದೆ. ಆತುರವಿದ್ದರೆ ಪೇಪರ್ ಚೀಲದಲ್ಲಿ ಬಾಳೆಹಣ್ಣಿನ ಜೊತೆ ಇಡಿ, ಅದು ಬಿಡುವ ಎಥಿಲೀನ್ ಅನ್ನೋ ಅನಿಲ ಬೇಗ ಹಣ್ಣು ಮಾಡುತ್ತದೆ. ಫ್ರಿಜ್ ಮಾತ್ರ ಬೇಡ, ರುಚಿ ಕೆಡುತ್ತದೆ.