ತಿರುಗುವ ಆರ್ಮಿನ ಕೋನ ಅಳೆಯುದು ಹೇಗೆ
ಆರ್ಮ್ (ತೋಳು) ಎಷ್ಟು ಡಿಗ್ರಿ ತಿರುಗಿತು ಅಂತ ನೋಡ್ಲಿಕ್ಕೆ ಪೊಟೆನ್ಷಿಯೋಮೀಟರ್ (ತಿರುಗಿಸಿದ ಹಾಗೆ ರೆಸಿಸ್ಟೆನ್ಸ್ ಬದಲಾಗುವ ಭಾಗ) ಚೀಪ್ ಹೌದು, ಆದ್ರೆ ಸಾಮಾನ್ಯದ್ದು ಪೂರ್ತಿ ಸುತ್ತು ತಿರುಗುದಿಲ್ಲ, ಒಳಗಿನ ಟ್ರ್ಯಾಕ್ ಸವೀತದೆ, ಮತ್ತೆ ನಮ್ಮ ಮಲ್ಪೆ ಕಡೆ ಉಪ್ಪುಗಾಳಿ ಬೇರೆ, ಹಾಗಾಗಿ ನಾನು ಎಎಸ್5600 ಮ್ಯಾಗ್ನೆಟಿಕ್ ಸೆನ್ಸರೇ ಹಾಕುದು, ಅದು ಎದುರಿನ ಮ್ಯಾಗ್ನೆಟ್ ಎಷ್ಟು ತಿರುಗಿತು ಅಂತ ಮುಟ್ಟದೆ ಅಳೆಯುವ ಚಿಪ್. ಅದು 12 ಬಿಟ್, ಅಂದ್ರೆ ಒಂದು ಸುತ್ತಿಗೆ 4096 ಹೆಜ್ಜೆ, ರೀಡಿಂಗ್ 0ರಿಂದ 4095ರ ವರೆಗೆ ಬರ್ತದೆ.

ಮುಖ್ಯ ವಿಷಯ ಮ್ಯಾಗ್ನೆಟ್ ಮಾರಾಯ್ರೆ, ಮೇಲೆ ಕೆಳಗೆ ಧ್ರುವ ಇರುವ ಮಾಮೂಲಿ ಬಟನ್ ಮ್ಯಾಗ್ನೆಟ್ ಆಗುದಿಲ್ಲ, ಒಂದೇ ಮುಖದಲ್ಲಿ ಅರ್ಧ ಭಾಗ ಉತ್ತರ ಅರ್ಧ ದಕ್ಷಿಣ ಇರುವಂಥದ್ದೇ ಬೇಕು, ಅದನ್ನು ಆರ್ಮಿನ ಶಾಫ್ಟಿನ (ತಿರುಗುವ ದಂಡದ) ತುದಿಗೆ ಸರೀ ಮಧ್ಯಕ್ಕೆ ಅಂಟಿಸಿ ಸೆನ್ಸರ್ ಚಿಪ್‌ನಿಂದ 1-2 ಮಿ.ಮೀ. ದೂರ ಇಡಿ. ಶಾಫ್ಟ್ ಕಬ್ಬಿಣದ್ದಾದ್ರೆ ಅದಕ್ಕೂ ಮ್ಯಾಗ್ನೆಟಿಗೂ ನಡುವೆ ಪ್ಲಾಸ್ಟಿಕ್ ಹೋಲ್ಡರ್ ಹಾಕಿ.

ಕಡೆಗೆ ಆರ್ಮನ್ನು ಸೊನ್ನೆ ಜಾಗದಲ್ಲಿ ನಿಲ್ಲಿಸಿ ಆ ರೀಡಿಂಗ್ ಬರ್ದಿಟ್ಕೊಳ್ಳಿ, ಮತ್ತೆ ಬರುವ ರೀಡಿಂಗಿನಿಂದ ಅದನ್ನು ಕಳೀರಿ, ಮೈನಸ್ ಬಂದ್ರೆ 4096 ಸೇರಿಸಿ, 360ರಿಂದ ಗುಣಿಸಿ 4096ರಿಂದ ಭಾಗಿಸಿದ್ರೆ ಡಿಗ್ರಿ ಸಿಗ್ತದೆ.