ಹಚ್ಚೆ ಹಾಕಿಸಿದ ಮೇಲಿನ 15 ದಿನ

ನಮ್ಮ ಅಣ್ಣನ ಮಗ ಹೋದ ಬೇಸಿಗೆಯಲ್ಲಿ ದಾವಣಗೆರೆಯಲ್ಲೇ ಮುಂಗೈ ಮೇಲೆ 'ಅಪ್ಪಾಜಿ' ಅಂತ ಬರೆಸಿಕೊಂಡು ಬಂದ. ಅಕ್ಷರ ಮುದ್ದಾಗಿತ್ತು. ಮೂರನೇ ದಿನ ಗೆಳೆಯರ ಜೊತೆ ಭದ್ರಾ ನಾಲೆಗೆ ಹಾರಿದ. ಆರನೇ ದಿನ ಟಿವಿ ನೋಡುತ್ತಾ ಹಕ್ಕಳೆ ಕಿತ್ತ. ಹಕ್ಕಳೆ ಜೊತೆ ಒತ್ತಕ್ಷರವೂ ಹೋಯಿತು, 'ಅಪಾಜಿ' ಉಳಿಯಿತು. ಹಾಕಿದವನು ತಪ್ಪು ಮಾಡಿರಲಿಲ್ಲ. ಕೆಟ್ಟಿದ್ದೆಲ್ಲ ಮನೆಗೆ ಬಂದ ಮೇಲೆ.

ಮೊದಲು ಜಾಗ ಗೊತ್ತು ಮಾಡಿ. ಸೇನೆ, ಅರೆಸೇನಾ ಪಡೆಗೆ ಸೇರುವ ಆಸೆ ಇದ್ದರೆ ಭರ್ತಿ ನಿಯಮ ಓದಿಕೊಳ್ಳಿ. ಮೈಮೇಲೆ ಹಚ್ಚೆ ಎಲ್ಲಿರಬಹುದು ಅಂತ ಅಲ್ಲಿ ಬರೆದಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ಗಾಯ ಆರಿದ ಮೇಲೆ ಗಂಟು ಕಟ್ಟುವ ಚರ್ಮದವರು ಡಾಕ್ಟರನ್ನು ಕೇಳದೆ ಹೋಗಬೇಡಿ. ಕನ್ನಡ ಅಕ್ಷರವಾದರೆ ದೊಡ್ಡದಾಗಿ ಬರೆಸಿ. ವರ್ಷ ಕಳೆದಂತೆ ಶಾಯಿ ಸ್ವಲ್ಪ ಹರಡುತ್ತದೆ, ಸಣ್ಣ ಒತ್ತು ಚುಕ್ಕೆಯಾಗುತ್ತದೆ. ಬಣ್ಣ ನನ್ನ ಕೇಳಿದರೆ ಕಪ್ಪೇ ಸಾಕು. ಕೆಂಪು ಶಾಯಿಗೆ ಅಲರ್ಜಿ ಜಾಸ್ತಿ.

ಅಂದು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಎರಡು ಬೆಣ್ಣೆದೋಸೆ ತಿಂದು ಹೋಗಿ.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಕಣ್ಣಿಟ್ಟು ನೋಡಿ. ಸೂಜಿಯ ಪ್ಯಾಕೆಟ್ ನಿಮ್ಮ ಎದುರೇ ಒಡೆಯಬೇಕು. ಗ್ಲೌಸ್ ಹೊಸದಿರಬೇಕು. ಶಾಯಿಯನ್ನು ಸಣ್ಣ ಬಟ್ಟಲಿಗೆ ಸುರಿದುಕೊಳ್ಳಬೇಕು, ಉಳಿದದ್ದನ್ನು ಬಾಟಲಿಗೆ ವಾಪಸ್ ಹಾಕುವಂತಿಲ್ಲ. ಜಾತ್ರೆಯಲ್ಲಿ ಒಂದೇ ಸೂಜಿಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಲಾಗಿ ನಿಂತವರಿಗೆಲ್ಲ ಚುಚ್ಚುವುದನ್ನು ನಾನೇ ನೋಡಿದ್ದೇನೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ದಾಟಲು ಅಷ್ಟು ಸಾಕು. ಜಾತ್ರೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನಿ, ಹಚ್ಚೆ ಮಾತ್ರ ಬೇಡ.

ಇನ್ನು ಮನೆಗೆ ಬಂದ ಮೇಲಿನ ಕೆಲಸ. ಸೂಜಿ ಒಂದೆರಡು ಮಿಲಿಮೀಟರ್ ಒಳಗೆ ಸಾವಿರಾರು ಸಲ ಹೋಗಿ ಬಂದಿರುತ್ತದೆ. ಅಂದರೆ ಅದು ಗಾಯ. ಸುತ್ತಿದ ಪ್ಲಾಸ್ಟಿಕ್ ಯಾವಾಗ ತೆಗೆಯಬೇಕು ಅಂತ ಹಾಕಿದವರನ್ನೇ ಕೇಳಿಕೊಂಡು ಬನ್ನಿ. ಅಡುಗೆಮನೆಯ ತೆಳು ಹಾಳೆಯಂಥದ್ದಾದರೆ ಕೆಲವೇ ಗಂಟೆ. ನಮ್ಮೂರ ಸೆಕೆಯಲ್ಲಿ ಒಳಗೆ ಬೆವರು ನಿಂತರೆ ಕೀವು ಕಟ್ಟಲು ತಡವಿಲ್ಲ.

ಮೊದಲು ನಿಮ್ಮ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಇದನ್ನೇ ಎಲ್ಲರೂ ಮರೆಯುವುದು. ಆಮೇಲೆ ಉಗುರುಬೆಚ್ಚಗಿನ ನೀರು, ವಾಸನೆ ಇಲ್ಲದ ಸೋಪು, ಬರೀ ಬೆರಳು. ನಾರು, ಬ್ರಷ್ ಬೇಡ. ಅಂಟಂಟು ಹೋಗುವವರೆಗೆ ತೊಳೆದು ಟಿಶ್ಯೂ ಪೇಪರ್ ಒತ್ತಿ ಒಣಗಿಸಿ. ಮನೆಮಂದಿಯೆಲ್ಲ ಬಳಸುವ ಟವೆಲ್ ಮುಟ್ಟಲೇಬೇಡಿ. ಹೀಗೆ ದಿನಕ್ಕೆ ಎರಡು ಸಲ. ಪೂರ್ತಿ ಒಣಗಿದ ಮೇಲೆ ಅವರು ಹೇಳಿದ ಮುಲಾಮು ತೆಳ್ಳಗೆ ಸವರಿ. ಅಂಗೈ ಅಗಲದ ಹಚ್ಚೆಗೆ ಕಡಲೆಕಾಳಿನಷ್ಟು ಸಾಕು. ದಪ್ಪಗೆ ಬಳಿದರೆ ಹಕ್ಕಳೆ ಮೆತ್ತಗಾಗಿ ಬಣ್ಣದ ಸಮೇತ ಏಳುತ್ತದೆ.

ಅಜ್ಜಿ ಅರಿಶಿನ ತಂದರೆ ಕೈಮುಗಿದು ಬೇಡ ಅನ್ನಿ. ಡೆಟಾಲೂ ಬೇಡ, ಚರ್ಮ ಉರಿಯುತ್ತದೆ. ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಏನಾದರೂ ಕೊಡಿ' ಅಂದರೆ ಸ್ಟೀರಾಯ್ಡ್ ಬೆರೆತ ಕ್ರೀಮು ಕೈಗೆ ಬರುವುದೂ ಉಂಟು. ಡಾಕ್ಟರ್ ಬರೆಯದೆ ಅದನ್ನು ಹಚ್ಚಬಾರದು.

ನಾಲ್ಕೈದು ದಿನಕ್ಕೆ ಹಾವಿನ ಪೊರೆಯ ಹಾಗೆ ಚರ್ಮ ಬಿಡಲು ಶುರುವಾಗುತ್ತದೆ. ತುರಿಕೆ ತಡೆಯಲು ಆಗುವುದಿಲ್ಲ, ಅಲ್ವಾ? ಕೆರೆಯಬೇಡಿ, ತೊಳೆದ ಅಂಗೈಯಿಂದ ಮೆಲ್ಲಗೆ ತಟ್ಟಿ. ಚರ್ಮ ತಾನಾಗಿ ಉದುರಲಿ. ಚೊಂಬಿನಲ್ಲಿ ಸ್ನಾನ ಮಾಡಬಹುದು. ನಾಲೆ, ಕೆರೆ, ಈಜುಕೊಳ ಮಾತ್ರ ಗಾಯ ಪೂರ್ತಿ ಮಾಯುವವರೆಗೆ, ಎರಡು ಮೂರು ವಾರ ಬೇಡ. ಬೈಕಿನಲ್ಲಿ ಹೋಗುವಾಗ ಸಡಿಲವಾದ ಹತ್ತಿಯ ತುಂಬುತೋಳು ಹಾಕಿ. ಧೂಳು, ಬಿಸಿಲು ಎರಡೂ ತಪ್ಪುತ್ತವೆ.

ಮೊದಲ ಎರಡು ದಿನ ಕೆಂಪು, ಸ್ವಲ್ಪ ಊತ ಸಹಜ. ಕೆಂಪು ಹರಡುತ್ತಾ ಹೋದರೆ, ಕೀವು ಬಂದರೆ, ಜ್ವರ ಕಾಣಿಸಿದರೆ ಅದೇ ದಿನ ಚರ್ಮದ ಡಾಕ್ಟರ ಬಳಿ ಹೋಗಿ. ಹಚ್ಚೆ ಹಾಕಿದವರ ವಾಟ್ಸ್‌ಆ್ಯಪ್ ಸಲಹೆಗೆ ಕಾಯಬೇಡಿ.

ಬಣ್ಣ ಬಿಟ್ಟ ಕಡೆ ಒಂದು ತಿಂಗಳಾದ ಮೇಲೆ ತಿದ್ದಿಸಬಹುದು. ನಮ್ಮ ಹುಡುಗ ಒತ್ತಕ್ಷರವನ್ನು ಮತ್ತೆ ಹಾಕಿಸಿಕೊಂಡಿದ್ದಾನೆ. ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ, ಹಾಗಾಗಿ ಆ ಲೆಕ್ಕವೂ ಅವನಿಗೆ ಮತ್ತೆ ಮೊದಲಿನಿಂದ ಶುರುವಾಗಿದೆ.